ಇಪ್ಪತ್ತೆಂಟನೆಯ ಹುಡುಗ

“ಇಪ್ಪತ್ತೆಂಟು! ನನ್ನ ಅಡುಗೆಮನೇಲಿ ಕೂತು, ನಾನು ಮಾಡಿದ ಮೊಟ್ಟೆ ತಿಂತಾ, ಆ ಹುಡುಗನ ಹೆಸರಿನ ಮುಂದೆ ಇಪ್ಪತ್ತೆಂಟು ಅಂತ ಬರ್ದಿದೀಯಲ್ಲ, ನಿನ್ನ ಕೈ ನಡುಗಲಿಲ್ವಾ ವರ್ನನ್?”

ವರ್ನನ್ ಪಿಕೆಟ್‌ನ ಕೈ ನಡುಗುತ್ತಲೇ ಇತ್ತು. ಆದರೆ ಅದು ಬರೆದದ್ದಕ್ಕಲ್ಲ, ಹೆಂಡತಿ ಲೊರೇಟಾ ಹಿಡಿದಿದ್ದ ಕಬ್ಬಿಣದ ಬಾಣಲೆ ತನ್ನ ತಲೆಯ ನೇರಕ್ಕೇ ಇತ್ತಲ್ಲ, ಅದಕ್ಕೆ.

“ಮೂವತ್ತು ಜನರಲ್ಲಿ ಇಪ್ಪತ್ತೆಂಟು ಅಂದ್ರೆ ಅಷ್ಟೇನೂ ಕೆಟ್ಟದ್ದಲ್ಲ...”

“ಅವನ ಹಿಂದೆ ಇರೋ ಇಬ್ರು ಯಾರು? ಒಬ್ಬನ ಮೊಣಕೈ ಕೊಯ್ದು ಪಟ್ಟಿ ಹಾಕಿದಾರೆ. ಇನ್ನೊಬ್ಬ ಆಟ ಬಿಟ್ಟು ಬೆಂಕಿ ಆರಿಸೋ ಕೆಲ್ಸಕ್ಕೆ ಸೇರ್ತಾನಂತೆ. ಅವರಿಗಿಂತ ಮೇಲೆ ಅಂತ ನಾನು ಸಿಹಿ ಹಂಚ್ಲಾ?”

ನಮ್ಮೂರು ಕೆಟಲ್‌ಫರ್ಡ್‌ನಲ್ಲಿ ಇಂಥ ಜಗಳ ವರ್ಷಕ್ಕೊಮ್ಮೆ ಎಲ್ಲರ ಮನೆಯಲ್ಲೂ ಆಗುತ್ತದೆ. ಬೇಸ್‌ಬಾಲ್‌ನ ದೊಡ್ಡ ತಂಡ ಇರುವುದು ನಗರದಲ್ಲಿ. ಮುಂದೆ ಅದರಲ್ಲಿ ಆಡಬೇಕಾದ ಹುಡುಗರು ಪಳಗುವ ಮರಿತಂಡ ಇರುವುದು ನಮ್ಮಲ್ಲಿ. ಆ ಹುಡುಗರಿಗೆ ಸಿಗುವ ಸಂಬಳ ಬೂಟಿನ ದಾರಕ್ಕೆ ಸಾಲದು. ಹಾಗಾಗಿ ಬೇಸಿಗೆಯ ಉದ್ದಕ್ಕೂ ಒಬ್ಬೊಬ್ಬ ಹುಡುಗ ಒಂದೊಂದು ಮನೆಯಲ್ಲಿ ಉಂಡು ಮಲಗುತ್ತಾನೆ. ಉಣ್ಣಿಸಿದ ಹೆಂಗಸಿಗೆ ಅವನು ಮಗನಾಗಿಬಿಡುತ್ತಾನೆ. ಇವರಲ್ಲಿ ಯಾರು ಮೇಲೆ ಹೋಗುತ್ತಾರೆ, ಯಾರು ಮಣ್ಣು ತಿನ್ನುತ್ತಾರೆ ಎಂದು ಒಂದರಿಂದ ಮೂವತ್ತರವರೆಗೆ ಪಟ್ಟಿ ಮಾಡಿ ಊರಿನ ಪತ್ರಿಕೆಗೆ ಕೊಡುವವನು ವರ್ನನ್. ಹೊಟ್ಟೆಪಾಡಿಗೆ ಅವನು ಮೊಳೆ, ಬಣ್ಣ, ಬಾಗಿಲಿನ ಕೀಲು ಮಾರುವ ಅಂಗಡಿ ಇಟ್ಟಿದ್ದಾನೆ. ಸುಮ್ಮನೆ ಮೊಳೆ ಮಾರಿಕೊಂಡು ಇರಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ.

ಮೆಟ್ಟಿಲಿಳಿದು ವಿಲ್ಕಿನ್ ಬಂದ. ಡೊಮಿನಿಕನ್ ದೇಶದಿಂದ ಬಂದು ಈ ಮನೆಯಲ್ಲಿರುವ ಹುಡುಗ, ತಂಡದಲ್ಲಿ ಎಸೆದ ಚೆಂಡು ಹಿಡಿಯುವ ಕ್ಯಾಚರ್. ಬಾಣಲೆಯ ಸಮೇತ ಲೊರೇಟಾಳನ್ನು ತಬ್ಬಿಕೊಂಡು, “ಏನಮ್ಮ, ಬೆಳಿಗ್ಗೇನೇ ಗುಡುಗು?” ಎಂದ.

“ನಿನ್ನ ಇಪ್ಪತ್ತೆಂಟಕ್ಕೆ ತಳ್ಳಿದಾನಪ್ಪ ಈ ಪುಣ್ಯಾತ್ಮ!”

“ಹೌದಾ?” ವಿಲ್ಕಿನ್‌ನ ಮುಖ ಅರಳಿತು. “ಹೋದ್ವರ್ಷ ನಾನು ಪಟ್ಟೀಲೇ ಇರ್ಲಿಲ್ಲ ಅಮ್ಮ! ಥ್ಯಾಂಕ್ಸ್ ಯಜಮಾನ್ರೇ!”

ವರ್ನನ್ ಮೊಟ್ಟೆಯ ತಟ್ಟೆಯನ್ನು ದೂರ ತಳ್ಳಿದ. ಯಾಕೆಂದರೆ ಮೂವತ್ತು ಹುಡುಗರಲ್ಲಿ ಒಂದನೆಯವನು ಈ ವಿಲ್ಕಿನ್ನೇ. ಕುಕ್ಕುರುಗಾಲಲ್ಲಿ ಕೂತಲ್ಲಿಂದಲೇ ಚೆಂಡು ಒಗೆದು ಅತ್ತ ಓಡುವವನನ್ನು ಔಟ್ ಮಾಡುವ ಕೈ ಅವನದು. ಇಪ್ಪತ್ತು ವರ್ಷ ಬೇಲಿಯ ಹಿಂದೆ ಕೂತು ನೋಡಿದ ವರ್ನನ್ ಅಂಥ ಕೈ ಇನ್ನೊಂದು ಕಂಡಿರಲಿಲ್ಲ.

ಗೊತ್ತಿದ್ದೂ ಕೆಳಗೆ ತಳ್ಳಿದ್ದ. ಅಂದು ಜುಲೈ ತಿಂಗಳ ಕೊನೆಯ ದಿನ. ದೊಡ್ಡ ತಂಡಗಳು ಮರಿತಂಡದ ಹುಡುಗರ ಸಮೇತ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಅಂದಿನ ಸಂಜೆಯವರೆಗೆ ಮಾತ್ರ ಅವಕಾಶ. ಪಟ್ಟಿಯ ತಲೆಯಲ್ಲಿರುವ ಹುಡುಗರ ಮೇಲೇ ಎಲ್ಲ ತಂಡಗಳ ಕಣ್ಣು. ನಾಲ್ಕು ವರ್ಷದ ಹಿಂದೆ ಯಾರೂ ಕೇಳದ ಹುಡುಗನೊಬ್ಬನನ್ನು ವರ್ನನ್ ಮೂರನೆಯವನೆಂದು ಬರೆದಿದ್ದ. ಅವನು ನಿಜವಾಗಿಯೂ ಮೇಲೆ ಹೋದಮೇಲೆ ನಗರದ ಕಚೇರಿಗಳಲ್ಲೂ ಈ ಮೊಳೆ ಅಂಗಡಿಯವನ ಪಟ್ಟಿ ಓದುತ್ತಾರೆ. ವಿಲ್ಕಿನ್‌ನನ್ನು ಮೇಲಿಟ್ಟರೆ ಸಂಜೆಯೊಳಗೆ ಅವನು ಇನ್ನೊಂದು ಊರಿನ ಪಾಲು.

ಹೋದರೆ ಏನಾಗುತ್ತದೆಂದು ವರ್ನನ್‌ಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳಿಲ್ಲದ ಮನೆ. ವಿಲ್ಕಿನ್ ಬರುವ ಮೊದಲು ಗಂಡ ಹೆಂಡತಿ ಟಿವಿಯ ಹವಾಮಾನ ವರದಿ ಕೇಳುತ್ತಾ ಊಟ ಮುಗಿಸುತ್ತಿದ್ದರು. ಇಬ್ಬರ ನಡುವೆ ಉಪ್ಪಿನ ಡಬ್ಬಿ ಬಿಟ್ಟರೆ ಬೇರೇನೂ ಓಡಾಡುತ್ತಿರಲಿಲ್ಲ. ಈಗ ಲೊರೇಟಾ ನಗುತ್ತಾಳೆ, ಹಾಡುತ್ತಾಳೆ, ಬಾಣಲೆ ಎತ್ತುತ್ತಾಳೆ. ಆ ಹಳೇ ಮೌನ ಮತ್ತೆ ಬಂದೀತೆಂಬ ಹೆದರಿಕೆಯ ಮುಂದೆ ವರ್ನನ್‌ಗೆ ಬಾಣಲೆಯ ಹೆದರಿಕೆ ಏನೂ ಅಲ್ಲ. ಆದರೆ ಇದನ್ನು ಅವಳಿಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗಿ, ಪಟ್ಟಿ ಮಾಡುವವನೇ ಕಳ್ಳ ಎಂದು ಬೀದಿಯಲ್ಲಿ ನಿಲ್ಲಿಸಿ ಉಗಿಯುತ್ತಿದ್ದರು.

ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಅವನು ಅಂಗಡಿಗೆ ಹೋದ.

ಅಲ್ಲಿ ಬಾಗಿಲಲ್ಲೇ ಪಕ್ಕದ ಮನೆಯ ಡೆಲೋರಿಸ್ ಹ್ರುಸ್ಕಾ ಕಾದಿದ್ದಳು. ಅವಳ ಕೈಯಲ್ಲಿ ತಿರುಚಿಹೋದ ಕೀಲು.

“ಇನ್ನೊಂದು ಜೊತೆ ಕೊಡು. ಬಚ್ಚಲುಮನೇದು. ಈ ಬೇಸಿಗೇಲಿ ಇದು ಐದನೇದೋ ಆರನೇದೋ.”

“ಇದೇ ಕೊನೇ ಜೊತೆ ಡೆಲೋರಿಸ್. ಮತ್ತೆ ಬೂನಾ?”

“ಇನ್ಯಾರು? ಬಾಗಿಲು ತೆಗೆಯೋದು ಅಂದ್ರೆ ಅವನಿಗೆ ಬಾಗಿಲನ್ನೇ ತೆಗೆಯೋದು.”

ಬೂನ್ ಟ್ಯಾಕೆಟ್ ಮರಿತಂಡದಲ್ಲಿ ಚೆಂಡು ಎಸೆಯುವ ಪಿಚರ್, ಡೆಲೋರಿಸ್ ಮನೆಯ ಹುಡುಗ. ಹುಡುಗ ಎನ್ನುವುದು ಬಾಯಿಮಾತಿಗೆ. ನಿಂತರೆ ಜೋಳದ ಕಣಜದ ಹಾಗೆ ಕಾಣುತ್ತಾನೆ. ಹೋದ ವರ್ಷ ಪಟ್ಟಿಯಲ್ಲಿ ಹನ್ನೊಂದನೆಯವನಾದಾಗ ಮೈದಾನದ ನೀರಿನ ಪೀಪಾಯಿಯನ್ನು ಬರಿಗೈಯಲ್ಲಿ ಗುದ್ದಿ ಸೀಳಿದ್ದ. ಆಮೇಲೆ ಒಂದು ವಾರ ವರ್ನನ್ ಹಿತ್ತಲ ಬಾಗಿಲಿಂದಲೇ ಓಡಾಡಿದ್ದ.

“ಈ ಸಲ ಎಷ್ಟನೆಯವನು?” ಡೆಲೋರಿಸ್ ದನಿ ತಗ್ಗಿಸಿದಳು.

“ಐದು.”

“ಐದಾ!” ಅವಳು ಎದೆ ಹಿಡಿದುಕೊಂಡಳು. “ಒಂದು ಮಾಡೋ ಮಾರಾಯ. ಐದು ಅಂದ್ರೆ ಮೊದಲು ನನ್ನ ಮನೆ ಬೀಳತ್ತೆ, ಆಮೇಲೆ ನೀನು ಬೀಳ್ತೀಯ. ಬೆಳಿಗ್ಗೆಯಿಂದ ‘ವರ್ನನ್ ಎಲ್ಲಿ, ವರ್ನನ್ ಎಲ್ಲಿ’ ಅಂತ ಒಂದೇ ಸಮ ಕೇಳ್ತಿದಾನೆ.”

ಡೆಲೋರಿಸ್ ಕೀಲು ತೆಗೆದುಕೊಂಡು ಹೋದಳೋ ಇಲ್ಲವೋ, ಅಂಗಡಿಯೊಳಗೆ ಕತ್ತಲಾಯಿತು. ಮೋಡವೇನಲ್ಲ. ಬೂನ್ ಬಾಗಿಲಲ್ಲಿ ನಿಂತಿದ್ದ.

“ಮಿಸ್ಟರ್ ಪಿಕೆಟ್.”

ವರ್ನನ್ ಬಣ್ಣದ ಡಬ್ಬಿಗಳ ಹಿಂದೆ ಸರಿದ. ಬೂನ್ ಡಬ್ಬಿಗಳ ಮೇಲಿಂದ ಕೈ ಚಾಚಿ, ಅಂಗಿಯ ಕಾಲರ್ ಹಿಡಿದು, ಬುಟ್ಟಿಯಿಂದ ಬೆಕ್ಕಿನ ಮರಿ ಎತ್ತುವ ಹಾಗೆ ಅವನನ್ನು ಈಚೆಗೆ ತಂದು ನಿಲ್ಲಿಸಿದ.

“ಪಟ್ಟಿ ವಿಷಯ ಮಾತಾಡ್ಬೇಕಿತ್ತು ಸಾರ್. ದಯವಿಟ್ಟು ನನ್ನನ್ನ...”

“ಒಂದು!” ಎಂದು ಕಿರುಚಿದ ವರ್ನನ್. “ಒಂದನೇ ನಂಬರ್! ನೀನೇ! ಆಗ್ಲೇ ಬರ್ದಾಯ್ತು!”

“ಇಲ್ಲ ಸಾರ್, ನಾನು ಹೇಳೋದು...”

“ಏನೂ ಹೇಳ್ಬೇಡಪ್ಪ! ಒಂದು ಅಂದ್ರೆ ಒಂದು!” ಎನ್ನುತ್ತಾ ವರ್ನನ್ ಅವನ ಕಂಕುಳ ಕೆಳಗಿಂದ ನುಸುಳಿ ಬೀದಿಗೆ ಬಿದ್ದು ಓಡಿದ. ಅಂಗಡಿಗೆ ಬೀಗ ಹಾಕುವುದನ್ನೂ ಮರೆತ.

ಓಡುತ್ತಾ ಓಡುತ್ತಾ ಅವನಿಗೆ ಒಂದು ಯೋಚನೆ ಹೊಳೆಯಿತು. ಹೊಳೆಯಬಾರದಿತ್ತು, ಆದರೆ ಹೆದರಿದವನ ತಲೆ ಸುಮ್ಮನಿರುವುದಿಲ್ಲ. ಬೂನ್ ಒಂದನೆಯವನಾದರೆ ಬೇರೆ ತಂಡಗಳು ಯಾರನ್ನು ಕೇಳುತ್ತವೆ? ಬೂನ್‌ನನ್ನು! ಸಂಜೆಯೊಳಗೆ ಆ ಕಣಜ ಇನ್ನೊಂದು ಊರಿಗೆ. ವಿಲ್ಕಿನ್ ಇಲ್ಲೇ, ಲೊರೇಟಾಳ ಅಡುಗೆಮನೆಯಲ್ಲೇ. ಎರಡು ಹೆದರಿಕೆಗೂ ಒಂದೇ ಮದ್ದು.

ವರ್ನನ್ ದಾರಿಯಲ್ಲೇ ತಿದ್ದಿದ ಪಟ್ಟಿ ನೋಡಿ ಪತ್ರಿಕೆಯ ಅರ್ಲಿನ್ ಸ್ಟ್ರೌಡ್ ಹುಬ್ಬೇರಿಸಿದ. “ಬೂನ್ ಒಂದಾ? ಅವನ ಚೆಂಡು ಹತ್ತಕ್ಕೆ ನಾಲ್ಕು ಸಲ ಗುರಿ ತಪ್ಪಿ ಬೇಲಿಗೆ ಬಡಿಯತ್ತೆ.”

“ಬೇಲಿ ಮುರಿಯೋಷ್ಟು ಜೋರಾಗಿ ಬಡಿಯತ್ತಲ್ಲ. ಹಾಕು, ಹಾಕು.”

“ನಿನ್ನ ಮನೆ ಹುಡುಗ ಇಪ್ಪತ್ತೆಂಟಾ? ರಾತ್ರಿ ಮನೆಗೆ ಹೋಗೋ ಯೋಚನೆ ಇದೆಯಾ, ಇಲ್ಲ ಇಲ್ಲೇ ಮಲಗ್ತೀಯಾ?” ಎಂದು ನಗುತ್ತಾ ಅರ್ಲಿನ್ ಆಗಿಂದಾಗಲೇ ಅದನ್ನು ಇಂಟರ್ನೆಟ್ಟಿಗೆ ಹಾಕಿದ.

ಮಧ್ಯಾಹ್ನ ಆಟ. ಬೇಲಿಯ ಹಿಂದಿನ ಬೆಂಚಿನಲ್ಲಿ ಲೊರೇಟಾ ಬಂದು ಕೂತಳು. ಗಂಡನ ಪಕ್ಕದಲ್ಲೇ, ಆದರೆ ನಡುವೆ ತನ್ನ ಚೀಲ ಇಟ್ಟು. ಸಾಸಿವೆ ಹಚ್ಚಿದ ಸಾಸೇಜ್ ಬನ್ನು ಒಂದೇ ತಂದಿದ್ದಳು. ಅದನ್ನೂ ತಾನೇ ತಿಂದಳು.

ಬೂನ್ ಎಸೆಯುತ್ತಿದ್ದ, ವಿಲ್ಕಿನ್ ಹಿಡಿಯುತ್ತಿದ್ದ. ಪ್ರತಿ ಎಸೆತಕ್ಕೂ ಮೊದಲು ಬೂನ್ ತಲೆಯೆತ್ತಿ ನೇರ ವರ್ನನ್‌ನ ಕಡೆಗೇ ಗುರಾಯಿಸುತ್ತಿದ್ದ. ಒಂದನೇ ನಂಬರ್ ಕೊಟ್ಟಮೇಲೂ ಯಾಕೆ ಗುರಾಯಿಸುತ್ತಾನೆ? ಒಂದಕ್ಕಿಂತ ಮೇಲೆ ಇನ್ನೇನಾದರೂ ಇದೆಯೇ? ಅಷ್ಟರಲ್ಲಿ ಚೆಂಡೊಂದು ಹಾರಿ ಬಂದು ವರ್ನನ್‌ನ ಮೂಗಿನ ನೇರಕ್ಕೆ ಬಲೆಗೆ ಬಡಿಯಿತು. ಅವನು ಬೆಂಚಿನ ಕೆಳಗೆ ಇಳಿದ.

“ಎದ್ದು ಕೂತ್ಕೋ. ಮಾನ ತೆಗೀಬೇಡ,” ಎಂದಳು ಲೊರೇಟಾ.

ಎದ್ದು ಕೂತಾಗ ತಂಡದ ಮ್ಯಾನೇಜರ್ ಮೈದಾನಕ್ಕೆ ನಡೆದು ಬರುತ್ತಿರುವುದು ಕಂಡಿತು. ಆಟದ ನಡುವೆ, ಯಾರಿಗೂ ಏಟಾಗಿಲ್ಲ, ಮಳೆ ಬಂದಿಲ್ಲ. ಈ ದಿನ ಹೀಗೆ ಮ್ಯಾನೇಜರ್ ಬಂದರೆ ಅರ್ಥ ಒಂದೇ, ಯಾರನ್ನೋ ಇನ್ನೊಂದು ತಂಡಕ್ಕೆ ಕೊಟ್ಟಿದ್ದಾರೆ. ಮ್ಯಾನೇಜರ್ ಬೂನ್‌ನ ಹತ್ತಿರ ಹೋದ. ಹೋಗು ಮಗನೇ, ಹೋಗು, ಎಂದು ವರ್ನನ್ ಮನಸ್ಸಿನಲ್ಲೇ ಬೀಳ್ಕೊಟ್ಟ.

ಮ್ಯಾನೇಜರ್ ಬೂನ್‌ನನ್ನು ದಾಟಿ ಮುಂದೆ ಬಂದ. ಬಂದು ವಿಲ್ಕಿನ್‌ನ ಹೆಗಲ ಮೇಲೆ ಕೈ ಇಟ್ಟ.

ವಿಲ್ಕಿನ್ ಮುಖದ ಜಾಲರಿ ತೆಗೆದು ಮೈದಾನದಿಂದ ಹೊರಟ. ಆಟಗಾರರು ಕೂರುವ ತಗ್ಗಿನ ಕಟ್ಟೆಯಲ್ಲಿ ಹುಡುಗರೆಲ್ಲ ಎದ್ದು ನಿಂತು ಒಬ್ಬೊಬ್ಬರಾಗಿ ಅವನನ್ನು ತಬ್ಬಿಕೊಂಡರು.

“ವರ್ನನ್,” ಲೊರೇಟಾ ಅವನ ತೋಳು ಹಿಡಿದಳು. “ನಮ್ಮ ಹುಡುಗನ್ನ ಯಾಕೆ ತಬ್ಕೊತಿದಾರೆ?”

ಯಾಕೆಂದು ಅವಳಿಗೂ ಗೊತ್ತಿತ್ತು. ಈ ಊರಿನ ಕೂಸಿಗೂ ಗೊತ್ತು.

ಫೋನ್ ಹಿಡಿದು ಅರ್ಲಿನ್ ಓಡಿ ಬಂದ. ಅವನಿಗೆ ಸುದ್ದಿ ಸಿಕ್ಕರೆ ಮುಂದೆ ಯಾರಿದ್ದಾರೆಂಬ ಪರಿವೆ ಇರುವುದಿಲ್ಲ. “ವರ್ನನ್, ನಿನ್ನ ಪಟ್ಟಿ ದೊಡ್ಡ ಕೆಲಸ ಮಾಡ್ಬಿಡ್ತು ಕಣೋ! ಆಚೆ ತಂಡದವರು ಕೇಳಿದ್ದು ಬೂನ್‌ನ. ನಮ್ಮವರು ಕೊಡೋರೇ ಇದ್ರಂತೆ. ಅಷ್ಟ್ರಲ್ಲಿ ನಿನ್ನ ಪಟ್ಟಿ ನೋಡಿದಾರೆ. ಒಂದನೇ ನಂಬರ್ ಹುಡುಗನ್ನ ಹೇಗೆ ಕೊಡೋದು, ಇಪ್ಪತ್ತೆಂಟನೆಯವನು ಒಬ್ಬ ಇದಾನೆ, ಇದ್ರೂ ಅಷ್ಟೇ ಹೋದ್ರೂ ಅಷ್ಟೇ, ಅವನನ್ನ ಒಯ್ಯಿರಿ ಅಂದ್ರಂತೆ!”

ಲೊರೇಟಾ ಚೀಲ ಎತ್ತಿಕೊಂಡು ಮನೆಗೆ ನಡೆದಳು. ವರ್ನನ್ ಹಿಂದೆಯೇ ಓಡಿದ. ಅಡುಗೆಮನೆಯಲ್ಲಿ ಅವಳು ವಿಲ್ಕಿನ್‌ನ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುವಾಗ ಎಲ್ಲ ಹೇಳಿಬಿಟ್ಟ. “ಅವನೇ ಕಣೇ ಒಂದನೆಯವನು. ಯಾರೂ ಕೇಳ್ಬಾರ್ದು ಅಂತ, ನಿನ್ನ ಹತ್ರಾನೇ ಇರ್ಲಿ ಅಂತ, ಬೇಕಂತಲೇ ಕೆಳಗೆ ಹಾಕಿದೆ.”

ಅವಳ ಕೈ ನಿಂತಿತು. “ಗೊತ್ತಿದ್ದೂ?”

“ಗೊತ್ತಿದ್ದೂ.”

“ಇಷ್ಟು ದಿನ ನೀನು ಪೆದ್ದ ಅಂತ ಅಂದ್ಕೊಂಡಿದ್ದೆ. ಪೆದ್ದನ ಜೊತೆ ಬಾಳೋದು ನನಗೆ ಅಭ್ಯಾಸ ಆಗಿತ್ತು ವರ್ನನ್. ಆ ಹುಡುಗ ನಿನಗೆ ಥ್ಯಾಂಕ್ಸ್ ಹೇಳ್ದ. ಕೂತು ಕೇಳಿಸ್ಕೊಂಡೆ ನೀನು.”

ಅವಳು ಮೇಲೆ ಹೋಗಿ ಇನ್ನೊಂದು ಪೆಟ್ಟಿಗೆ ತಂದಳು. ಅದು ವಿಲ್ಕಿನ್‌ನದಲ್ಲ.

ಆಗ ಬಾಗಿಲು ಬಡಿದ ಸದ್ದಾಯಿತು. ಡೆಲೋರಿಸ್ ನಿಂತಿದ್ದಳು, ಹಿಂದೆ ಬೂನ್, ಹೆಗಲಲ್ಲಿ ಗಂಟುಮೂಟೆ. ಡೆಲೋರಿಸ್‌ಳ ಮುಖದಲ್ಲಿ ಅಷ್ಟು ಸಂತೋಷ ಅವಳ ಮದುವೆಯಲ್ಲೂ ಇರಲಿಲ್ಲವಂತೆ.

“ನಿಮ್ಮ ರೂಮ್ ಖಾಲಿ ಆಯ್ತಲ್ಲ. ತಂಡದವರನ್ನ ಕೇಳಿದೆ, ಒಪ್ಪಿದ್ರು. ಒಂದನೇ ನಂಬರ್ ಹುಡುಗ ಅವನನ್ನ ಗುರುತಿಸಿದವನ ಮನೇಲಿ ಇರೋದೇ ಸರಿ, ಅಲ್ವಾ?” ಎಂದವಳು ಉತ್ತರಕ್ಕೂ ಕಾಯದೆ ಓಡಿದಳು.

ಬೂನ್ ತಲೆ ಬಗ್ಗಿಸಿ ಒಳಗೆ ಬಂದ. ಆದರೂ ಚೌಕಟ್ಟು ಹಣೆಗೆ ಬಡಿಯಿತು. ಚೌಕಟ್ಟಿಗೇ ಪೆಟ್ಟಾಯಿತು.

“ಬೆಳಿಗ್ಗೆ ನನ್ನ ಮಾತು ನೀವು ಕೇಳ್ಲೇ ಇಲ್ಲ ಮಿಸ್ಟರ್ ಪಿಕೆಟ್,” ಎಂದ. ಮೆಲ್ಲನೆ ಹೇಳಿದ್ದರಿಂದಲೇ ವರ್ನನ್ ಒಂದು ಹೆಜ್ಜೆ ಹಿಂದೆ ಸರಿದ. “ನನ್ನನ್ನ ಕೇಳ್ತಿದ್ದ ತಂಡ ನಾನು ಹುಟ್ಟಿದ ಊರಿನ ಹತ್ರದ್ದು. ನಮ್ಮಮ್ಮ ಮನೆಯಿಂದಲೇ ನಡ್ಕೊಂಡು ಬಂದು ಆಟ ನೋಡ್ಬಹುದಿತ್ತು. ದಯವಿಟ್ಟು ನನ್ನನ್ನ ಕೆಳಗೆ ಹಾಕಿ, ಮೂವತ್ತಕ್ಕೆ ಹಾಕಿ, ಆಗ ನಮ್ಮವರು ನನ್ನನ್ನ ಬಿಟ್ಕೊಡ್ತಾರೆ, ಅಂತ ಬೇಡ್ಕೊಳ್ಳೋಕೆ ಬಂದಿದ್ದೆ.”

ವರ್ನನ್ ಅವನ ಗಂಟುಮೂಟೆಗೆ ಕೈ ಚಾಚಿದ.

“ಇರ್ಲಿ. ಬೇಸಿಗೆ ಇನ್ನೂ ಇದೆಯಲ್ಲ, ಮಾತಾಡೋಣ. ಬಚ್ಚಲುಮನೆ ಎಲ್ಲಿ?”

ವರ್ನನ್ ಬೆರಳು ತೋರಿಸಿದ. ಹೊರಗೆ ಮನೆಯ ಟ್ರಕ್ಕಿನಲ್ಲಿ ವಿಲ್ಕಿನ್ ಆಗಲೇ ಕೂತಿದ್ದ. ಲೊರೇಟಾ ಎರಡೂ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದಳು.

“ಹುಡುಗನಿಗೆ ಅಲ್ಲಿ ಒಳ್ಳೆ ಮನೆ ಹುಡುಕಿಕೊಡ್ತೀನಿ.”

“ಆಮೇಲೆ?” ಎಂದ ವರ್ನನ್.

“ಮೊಟ್ಟೆ ಖಾಲಿ ಆಗಿದೆ. ನಿನ್ನ ಒಂದನೇ ನಂಬರಿಗೆ ದಿನಕ್ಕೆ ಒಂದು ಡಜನ್ ಬೇಕಂತೆ. ಬಾಣಲೆ ಮಾತ್ರ ನಾನು ತಗೊಂಡು ಹೋಗ್ತಿದೀನಿ.”

ಅವಳು ಮೆಟ್ಟಿಲಿಳಿದಳು. ವಿಲ್ಕಿನ್ ಕಿಟಕಿಯಿಂದ ಕೈ ಬೀಸಿ, “ಬರ್ತೀನಿ ಯಜಮಾನ್ರೇ, ನೀವು ನನ್ನ ಪಟ್ಟೀಗೆ ಸೇರ್ಸಿದ್ದಕ್ಕೇ ಕೆಲಸ ಆಯ್ತು!” ಎಂದು ಕೂಗಿದ. ಲೊರೇಟಾ ಟ್ರಕ್ಕು ಹೊರಡಿಸಿದಳು.

ಮನೆಯೊಳಗಿಂದ ಬಾಗಿಲಿನ ಕೀಲು ಕಿತ್ತ ಸದ್ದು ಬಂತು. ಅಂಗಡಿಯಲ್ಲಿದ್ದ ಕೊನೆಯ ಜೊತೆಯನ್ನು ಬೆಳಿಗ್ಗೆ ಡೆಲೋರಿಸ್ ಒಯ್ದಿದ್ದಳು. ವರ್ನನ್ ತಿರುಗಿ ನೋಡಲಿಲ್ಲ. ಅವನು ರಸ್ತೆಯ ಕಡೆಗೇ ನೋಡುತ್ತಾ ನಿಂತ. ಟ್ರಕ್ಕು ಜೋಳದ ಕಣಜದ ಹತ್ತಿರ ತಿರುಗಿತು. ಆ ತಿರುವಿನಿಂದ ಅದು ವಾಪಸು ಬರಲೇ ಇಲ್ಲ.