ವಾಲ್ವ್ ಸೆಟ್ಟು ಕಟ್ಟಿಸಿದ ಭಾನುವಾರ

ಗಿಟಾರ್ ಬಾರಿಸಿದರೆ ಊರಿಗೆ ಊರೇ ಬಂದು ಮನೆ ಮುಂದೆ ನಿಲ್ಲಬೇಕು! ಹಾಗೆ ಬಾರಿಸದಿದ್ದರೆ ನಾನು ಗುರುಬಸವರಾಜನೇ ಅಲ್ಲ!

1999ರ ಒಂದು ಗುರುವಾರ, ಕೊಟ್ಟೂರಿನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು ಹೀಗೆಂದು ಘೋಷಿಸಿದೆ. ಸಭೆಯಲ್ಲಿ ಇದ್ದವಳು ನನ್ನ ಹೆಂಡತಿ ಗೀತಾಂಜಲಿ ಒಬ್ಬಳೇ. ಅವಳೂ ಅವರೆಕಾಯಿ ಬಿಡಿಸುತ್ತಿದ್ದಳು.

"ಮೊದ್ಲು ನನ್ನ ಹೊಲಿಗಿ ಮಿಷನ್ನಿನ ಕಾಲು ವಾಪಸ್ ಕೊಡ್ರಿ. ಆಮ್ಯಾಲ ಊರು ಕರಸೂರಂತ" ಎಂದಳು ತಲೆ ಎತ್ತದೆ.

ಅದೊಂದು ಸಣ್ಣ ವಿಷಯ. ಆದರೂ ಹೇಳಿಬಿಡುತ್ತೇನೆ. ನಾನು ಹಡಗಲಿ ಕಡೆಯವನು, ಸರ್ಕಾರಿ ಗುಮಾಸ್ತ, ಕೊಟ್ಟೂರಿಗೆ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಅದಕ್ಕೂ ಮೊದಲು ರಜೆ ದಿನಗಳಲ್ಲೆಲ್ಲ ಹರಪನಹಳ್ಳಿಯ ಮಂಜಣ್ಣನ ಆರ್ಕೆಸ್ಟ್ರಾದಲ್ಲಿ ಹನ್ನೊಂದು ವರ್ಷ ಹವಾಯನ್ ಗಿಟಾರ್ ಬಾರಿಸಿದ್ದೆ. ಗಿಟಾರನ್ನು ಮಡಿಲಲ್ಲಿ ಮಲಗಿಸಿ ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತಿದ್ದರೆ ಮುಂದಿನ ಸಾಲಿನ ಹೆಂಗಸರು ಮಕ್ಕಳನ್ನು ಸುಮ್ಮನಿರಿಸುತ್ತಿದ್ದರು. ಆಮೇಲೆ ಮಂಜಣ್ಣ ಒಂದು ಕೀಬೋರ್ಡ್ ತಂದ. ಅದರಲ್ಲಿ ನೂರು ಗುಂಡಿ. ಅದರಲ್ಲೊಂದು ಗುಂಡಿ ಹವಾಯನ್ ಗಿಟಾರಿನದು! ಒಂದು ಬೆರಳಿನಿಂದ ಅದನ್ನು ಒತ್ತಿ ತೋರಿಸಿ, "ಇನ್ನ ನಿಮಗ ತ್ರಾಸು ಯಾಕ್ರಿ?" ಎಂದ. ಮನುಷ್ಯನನ್ನು ಅಷ್ಟು ಮರ್ಯಾದೆಯಿಂದ ಹೊರಗೆ ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಗುಂಡಿಯ ಮೇಲೆ ನನಗಿದ್ದ ಸಿಟ್ಟು ಹೆತ್ತವರನ್ನು ಕೊಂದವನ ಮೇಲೂ ಯಾರಿಗೂ ಇರಲಿಕ್ಕಿಲ್ಲ.

ಹೀಗಿರುವಾಗ ಒಂದು ಹಳೇ ಇಂಗ್ಲಿಷ್ ಪತ್ರಿಕೆಯಲ್ಲಿ ಪೆಡಲ್ ಸ್ಟೀಲ್ ಗಿಟಾರಿನ ಚಿತ್ರ ಕಂಡೆ. ನಾಲ್ಕು ಕಾಲಿನ ಮೇಲೆ ಗಿಟಾರು, ಕೆಳಗೆ ಪೆಡಲು, ಒತ್ತಿದರೆ ತಂತಿ ಬಿಗಿದು ಸ್ವರ ತಾನಾಗಿ ಮೇಲೇರುತ್ತದೆ. ನಮ್ಮ ಮನೆಯಲ್ಲಿ ಕಾಲೂ ಇತ್ತು, ಪೆಡಲೂ ಇತ್ತು. ಮೇಲೊಂದು ಹೊಲಿಗೆ ಮಿಷನ್ನು ಅನಗತ್ಯವಾಗಿ ಕುಳಿತಿತ್ತು, ಅಷ್ಟೇ. ಅದನ್ನು ಕೆಳಗಿಳಿಸಿ, ವೆಲ್ಡಿಂಗ್ ಅಂಗಡಿಯ ಪಕ್ಕೀರಪ್ಪನಿಂದ ಗಿಟಾರು ಕೂಡಿಸಿದೆ. ಮಂಜಣ್ಣನಿಗೆ ಕಾಗದ ಬರೆದೆ. ಉತ್ತರ ಬಂತು: "ಭಾನುವಾರ ಹತ್ತು ಗಂಟಿ ಬಸ್ಸಿಗೆ ಬರ್ತೀನಿ. ಕೀಬೋರ್ಡಿಗಿಂತ ಚಲೋ ಕೇಳಿಸಿದ್ರ ನಿಮ್ಮ ಜಾಗ ನಿಮಗ."

ಆ ಜಾಗ! ಅದೊಂದು ಸಿಕ್ಕರೆ ನನಗೆ ಬಡ್ತಿಯೂ ಬೇಡ, ಪಿಂಚಣಿಯೂ ಬೇಡ.

ಉಳಿದದ್ದು ಆಂಪ್ಲಿಫೈಯರ್. ಶುಕ್ರವಾರ ಮೈಕ್ ಸೆಟ್ ಓಬಳೇಶನ ಅಂಗಡಿಗೆ ಹೋದೆ. ಎದುರಿಗೆ ಹೊಸ ಟ್ರಾನ್ಸಿಸ್ಟರ್ ಸೆಟ್ಟು ಮಿಂಚುತ್ತಿತ್ತು. ಹಿಂದೆ, ಮೂಲೆಯಲ್ಲಿ, ಗೋಣಿಚೀಲ ಹೊದ್ದು ಹಳೇ ವಾಲ್ವ್ ಸೆಟ್ಟೊಂದು ಕುಳಿತಿತ್ತು. ಸ್ವಿಚ್ ಹಾಕಿಸಿದೆ. ಎರಡು ನಿಮಿಷ ಏನಿಲ್ಲ. ಆಮೇಲೆ ಗಾಜಿನ ವಾಲ್ವುಗಳು ಒಂದೊಂದಾಗಿ ಕೆಂಪಗಾದವು, ಗುಂಯ್ ಎಂಬ ನಾದ ಎದ್ದಿತು. ಇದೇ ಬೇಕೆಂದೆ!

"ಹೊಸಾದು ತಗೊಳ್ರಿ ಸರ. ಎಕೋ ಐತಿ" ಎಂದ ಓಬಳೇಶ.

"ಎಕೋ ಮದುವಿ ಮಂದಿಗೆ ಇರ್ಲಿ. ಗಿಟಾರಿಗೆ ವಾಲ್ವೇ ಬೇಕು. ಟ್ರಾನ್ಸಿಸ್ಟರು ಸ್ವರಾನ ಕತ್ತರಸ್ತೈತಿ, ವಾಲ್ವು ಕಾಸಿ ಬಡಸ್ತೈತಿ. ತಿಳೀತೇನು?"

"ಅದನ್ನ ನಾವು ಬ್ಯಾರೆ ಕೆಲಸಕ್ಕ ಇಟ್ಟೀವ್ರಿ..."

"ಸಂಗೀತಕ್ಕಿಂತ ದೊಡ್ಡ ಕೆಲಸ ಯಾವುದೋ?"

ಓಬಳೇಶ ನನ್ನ ಮುಖ ನೋಡಿದ, ಸೆಟ್ಟಿನ ಮುಖ ನೋಡಿದ. ಅರ್ಧ ಬಾಡಿಗೆಗೇ ಕೊಟ್ಟ. ಬಾಕ್ಸ್ ಸ್ಪೀಕರುಗಳು ತೆಲಿಗಿ ಊರಿನ ಒಂದು ಮದುವೆಗೆ ಹೋಗಿದ್ದವು. ಹಾಗಾಗಿ ಶನಿವಾರ ಸಂಜೆ ಮಾಳಿಗೆಯ ಮೇಲೆ ಒಂದು ದೊಡ್ಡ ಹಾರ್ನ್ ಸ್ಪೀಕರ್ ಕಟ್ಟಿ ಹೋದ. ವ್ಯಾಪಾರದಲ್ಲಿ ಅವನಿಗೆ ಟೋಪಿ ಹಾಕಿದೆನೆಂದು ನಾನು ಹೆಂಡತಿಯ ಮುಂದೆ ಎರಡು ಸಲ ಹೇಳಿದೆ.

ಭಾನುವಾರ ಎಂಟಕ್ಕೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಧರಿಸಿ, ನಡುಮನೆಯ ಗೋಡೆಗೆ ಒರಗಿ ಕುಳಿತೆ. ಮೊದಲು ದೇವರ ಪದ, ನಿಧಾನಕ್ಕೆ. ಪೆಡಲು ಒತ್ತಿದರೆ ಸ್ವರ ಬಿಕ್ಕಿ ಬಿಕ್ಕಿ ಮೇಲೇರುತ್ತಿತ್ತು. ನನ್ನ ಕಣ್ಣು ತಾನಾಗಿ ಮುಚ್ಚಿತು. ತಲೆಗೆರೆದುಕೊಂಡಿದ್ದ ಗೀತಾಂಜಲಿ ಹಾರ್ನಿನ ಸದ್ದಿಗೆ ತಲೆ ಸಿಡಿದು, ಒದ್ದೆ ಕೂದಲು ಬಿಟ್ಟುಕೊಂಡು, ಕಿವಿಗೆ ಸೆರಗು ಒತ್ತಿ, ಹೊರಗೆ ಕಟ್ಟೆಯ ಮೇಲೆ ಕುಳಿತಳು. ಮುಂದೆ ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ನನಗೆ ಹೇಳಿದಳು.

ಎದುರುಮನೆ ಬಸಲಿಂಗಮ್ಮ ಓಡಿ ಬಂದು ಅವಳನ್ನು ತಬ್ಬಿಕೊಂಡಳು.

"ಎಂಥಾ ಹೊತ್ತು ಬಂತ ನನ್ನವ್ವಾ! ಯಾವಾಗ ಆತು?"

"ಎಂಟಕ್ಕ ಶುರು ಆತ್ರಿ. ಸಾಕಾಗಿ ಹೋಗೈತಿ."

"ಒಳಗ ಕುಂದ್ರಿಸ್ಯಾರೇನು?"

"ಗ್ವಾಡಿಗೆ ಆನಕೊಂಡು ಕುಂತಾರ್ರಿ. ಚಾ ಕುಡೀರಿ ಅಂತ ಕರದ್ರೂ ಕಣ್ಣು ತೆರಿಯಾಂಗಿಲ್ಲ!"

ಸತ್ತವರಿಗೆ ವಿಭೂತಿ ಹಚ್ಚಿ ಕೂಡಿಸುವುದು ನಮ್ಮವರ ಪದ್ಧತಿ ನೋಡಿ. ಬಸಲಿಂಗಮ್ಮ ಬಾಗಿಲಲ್ಲಿ ಇಣುಕಿ ನನ್ನ ಹಣೆಯನ್ನಷ್ಟೇ ಕಂಡು, ಬಾಯಿಗೆ ಸೆರಗು ತುರುಕಿಕೊಂಡು ಓಣಿಗೆ ಓಡಿದಳು. ಬಂದವರೆಲ್ಲ ಗಿಟಾರಿನ ಸದ್ದಿಗೆ ತನ್ನ ಮೇಲೆ ಮರುಗುತ್ತಿದ್ದಾರೆಂದೇ ಗೀತಾಂಜಲಿ ತಿಳಿದಳಂತೆ.

ಅರ್ಧ ಗಂಟೆಯಲ್ಲಿ ಗುಜುಗುಜು ಕೇಳಿಸಿತು. ಒಂದು ಕಣ್ಣು ತೆರೆದು ಕಿಟಕಿಯತ್ತ ನೋಡಿದೆ. ಅಬ್ಬಾ! ಅರವತ್ತು, ಎಪ್ಪತ್ತು ಜನ! ಗಂಡಸರು ಟವೆಲ್ಲು ಹೆಗಲಿನಿಂದ ಕೆಳಗಿಳಿಸಿ ತಲೆ ತಗ್ಗಿಸಿ ನಿಂತಿದ್ದಾರೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಕೆಲವರ ಕೈಯಲ್ಲಿ ಹೂವಿನ ಮಾಲೆ! ಹನ್ನೊಂದು ವರ್ಷ ಆರ್ಕೆಸ್ಟ್ರಾದಲ್ಲಿ ಒಬ್ಬನೂ ನನಗೆ ಮಾಲೆ ತಂದಿರಲಿಲ್ಲ. ಕಣ್ಣು ಮತ್ತೆ ಮುಚ್ಚಿಕೊಂಡು, ಮಂಜಣ್ಣ ಬಂದು ಈ ಜನಸಾಗರ ನೋಡಲಿ ಎಂದು, ಇದ್ದಬದ್ದ ಕರುಣರಸವನ್ನೆಲ್ಲ ಹಿಂಡಿ ಬಾರಿಸಿದೆ. ಹೇಳಲು ನಾಚಿಕೆ, ನನಗೂ ಅಳು ಬಂತು.

ಹನ್ನೊಂದಕ್ಕೆ ಕರೆಂಟು ಹೋಯಿತು. ಮಾಲೆಗಳಿಗೆ ಕೊರಳು ಒಡ್ಡಲು, ಎರಡೂ ಕೈ ಜೋಡಿಸಿ, ಮುಗುಳ್ನಗುತ್ತಾ ಬಾಗಿಲಿಗೆ ಬಂದೆ.

ಬಸಲಿಂಗಮ್ಮ ಕಿಟಾರನೆ ಕಿರುಚಿ ಕುಸಿದಳು. ಎಪ್ಪತ್ತು ಜನ ಒಟ್ಟಿಗೆ ಹಿಂದೆ ಸರಿದರು. ಧೈರ್ಯ ಮಾಡಿ ಮುಂದೆ ಬಂದವನು ವೆಲ್ಡಿಂಗ್ ಪಕ್ಕೀರಪ್ಪ.

"ಸರ, ನೀವು ಸತ್ತಿಲ್ಲೇನು?"

"ನಾನ್ಯಾಕ ಸಾಯಲಿ?"

"ಮತ್ತ ಆ ಸೆಟ್ಟು ಯಾಕ ಕಟ್ಟಿಸಿದ್ರಿ? ಹದಿನೈದು ವರ್ಷದಿಂದ ಓಬಳೇಶ ಅದನ್ನ ಸತ್ತ ಮನಿ ಭಜನಿಗೆ ಬಿಟ್ರ ಬ್ಯಾರೆದಕ್ಕ ಕೊಟ್ಟಿಲ್ಲ! ಅದರ ಗುಂಯ್ ಅನ್ನೋದು ಕೇಳಿದ್ರ ಸಾಕು, ಯಾರು ಹೋದ್ರು ಅಂತ ಕೇಳ್ತೈತಿ ಕೊಟ್ಟೂರು! ಭಜನಿ ಮುಗೀಲಿ ಅಂತ ನಾವು ಹೊರಗ ನಿಂತಿದ್ವಿ!"

ಓಬಳೇಶ ಹೇಳಿದ ಆ ಬ್ಯಾರೆ ಕೆಲಸ ಯಾವುದೆಂದು ಆಗ ತಿಳಿಯಿತು.

"ಅದಿರ್ಲಿ ಪಕ್ಕೀರಪ್ಪ, ಬಾರಿಸಿದ್ದು ಹೆಂಗಿತ್ತು?" ಎಂದೆ. ಆ ಹೊತ್ತಿನಲ್ಲೂ ಕೇಳಿದೆ!

"ಅದನ್ನ ಯಾರು ಕೇಳಿದ್ರಿ? ಕುಣಿ ತೋಡಾಕ ಇಬ್ರು ಹೋಗ್ಯಾರ, ಮೊದ್ಲು ಅವರಿಗೆ ಹೇಳಿ ಕಳಸ್ಬೇಕು" ಎಂದು ಸೈಕಲ್ ಹತ್ತಿದ.

ಜನ ಬೈಯುತ್ತಾ ಕರಗಿದರು. ನಾನು ಬದುಕಿದ್ದಕ್ಕೆ ಸಂತೋಷಪಟ್ಟವನು ಒಬ್ಬನೂ ಕಾಣಲಿಲ್ಲ. ಅಂಗಡಿ ಬಾಗಿಲು ಹಾಕಿ ಬಂದಿದ್ದವನೊಬ್ಬನಂತೂ ನಾನು ಮಾತಿಗೆ ತಪ್ಪಿದೆನೆಂಬಂತೆ ನೋಡಿದ. ಕಟ್ಟೆಯ ಮೇಲೆ ಉಳಿದ ಮಾಲೆಗಳನ್ನು ಗೀತಾಂಜಲಿ ಕೋಲಿನಿಂದ ಎತ್ತಿ ಗಟಾರಕ್ಕೆ ಹಾಕಿದಳು. ಮಂಜಣ್ಣ ಮಾತ್ರ ಹತ್ತರ ಬಸ್ಸಿಗೂ ಬರಲಿಲ್ಲ, ಹನ್ನೆರಡರ ಬಸ್ಸಿಗೂ ಬರಲಿಲ್ಲ. ಸಂಜೆಯವರೆಗೆ ಆ ವಿಭೂತಿಯಲ್ಲೇ ಕುಳಿತು ಕಾದೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಭಾನುವಾರ ಕಂಡಿಲ್ಲ.

ಸೋಮವಾರ ಕಚೇರಿಗೆ ಹೋದರೆ, ಹರಪನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವ ಹಾಲೇಶಪ್ಪ ನನ್ನನ್ನು ಕಂಡು ಫೈಲು ಕೆಳಗೆ ಬಿಟ್ಟ.

"ಏನ್ರೀ ಇದು! ನಿನ್ನಿ ಸಂಜಿ ನಮ್ಮೂರ ಆರ್ಕೆಸ್ಟ್ರಾದಾಗ ನಿಮ್ಮ ಹೆಸರಿಲೆ ಎರಡು ನಿಮಿಷ ಮೌನ ಮಾಡೀವಲ್ರೀ! ಮಂಜಣ್ಣ ಕೊಟ್ಟೂರಿಗೆ ಬಂದು, ಓಣಿ ತುದಿಯಾಗ ಮಂದೀನ ನೋಡಿ, ನೀವು ಹೋದ್ರಿ ಅಂತ ಕೇಳಿ, ಅದ ಬಸ್ಸಿಗೆ ವಾಪಸ್ ಬಂದಾನ. ಸ್ಟೇಜಿನ ಮ್ಯಾಲ ಕಣ್ಣೀರು ಹಾಕಿದ ನೋಡ್ರಿ! 'ಅಂಥಾ ಕೈ ಈ ಸೀಮಿಯೊಳಗ ಇಲ್ಲ. ಅವರು ಇದ್ದಿದ್ರ ನಾಳಿಂದನ ಕೀಬೋರ್ಡ್ ಎತ್ತಿಟ್ಟು ಅವರನ್ನ ಕುಂದ್ರಸ್ತಿದ್ದೆ' ಅಂದ."

ಮುಂದಿನದು ನನಗೆ ಕೇಳಿಸಲಿಲ್ಲ. ಅರ್ಧ ದಿನ ರಜೆ ಬರೆದಿಟ್ಟು ಮನೆಗೆ ಓಡಿದೆ. ಸುದ್ದಿ ಕೇಳಿ ಗೀತಾಂಜಲಿ ಮದುವೆಯಾದ ಆರು ವರ್ಷದಲ್ಲಿ ಮೊದಲ ಸಲ ಗಿಟಾರಿನ ವಿಷಯಕ್ಕೆ ನಕ್ಕಳು. ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಎಸ್‌ಟಿಡಿ ಬೂತಿನವರೆಗೂ ಬಂದು ಬಾಗಿಲಲ್ಲಿ ನಿಂತಳು.

"ಮಂಜಣ್ಣಾರ, ನಾನ್ರೀ, ಗುರುಬಸವರಾಜ!"

ಆ ಕಡೆಯಿಂದ ಮಂಜಣ್ಣ ಕೇಳಿದ: "ಯಾವ ಗುರುಬಸವರಾಜ?"

"ಗಿಟಾರ್ ಗುರುಬಸವರಾಜ! ಅದು ಸೆಟ್ಟಿನಿಂದ ಆದ ಎಡವಟ್ಟು, ನಾನು ಸತ್ತಿಲ್ರೀ!"

"ಹೌದೇನ್ರಿ? ಚಲೋ ಆತ್ ಬಿಡ್ರಿ" ಎಂದ. ದನಿಯಲ್ಲಿ ಚಲೋ ಆದ ಲಕ್ಷಣವಿರಲಿಲ್ಲ.

"ಇದ್ದಿದ್ರ ನಾಳಿಂದನ ಕುಂದ್ರಸ್ತಿದ್ದೆ ಅಂದ್ರಂತ. ಇದೀನ್ರಿ! ಯಾವತ್ತು ಬರ್ಲಿ?"

"ಸತ್ತೋರಿಗೆ ಮತ್ತೇನಂತಾರ್ರಿ? ನೀವು ತಿಳಿದೋರು. ಆದ್ರ ಒಂದು ಉಪಕಾರ ಮಾಡ್ರಿ, ಒಂದಾರು ತಿಂಗಳು ಈ ಕಡಿ ಬರಬ್ಯಾಡ್ರಿ. ಇಡೀ ಸಭಾ ಎದ್ದು ನಿಂತು ಮೌನ ಮಾಡೈತಿ, ನಾನು ಕಣ್ಣೀರು ಹಾಕೀನಿ. ಈಗ ನೀವು ಇಲ್ಲಿ ಓಡಾಡಿದ್ರ ನನ್ನ ಮರ್ಯಾದಿ ಏನಾಗಬೇಕು?"

ಫೋನು ಕೆಳಗಿಟ್ಟೆ. ಹೆಂಡತಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ, ಮುಖ ಅರಳಿಸಿ ಕೇಳಿದಳು: "ಏನಂದ್ರು? ಯಾವಾಗಿಂದ ಬರಬೇಕಂತ?"

"ಬರೋದು ಬ್ಯಾಡಂತ," ಎಂದೆ. "ಒಂದಾರು ತಿಂಗಳು ಸತ್ತೇ ಇರಬೇಕಂತ."