ನಿದ್ದೆ ಮಾಡದ ಕಾರು

"ಬಸ್ಸಿನ ಮುಖ ಕೂಡ ನೋಡಬೇಡ! ಪರೀಕ್ಷೆಯ ದಿನ ನಮ್ಮದೇ ಕಾರಿನಲ್ಲಿ, ಏಸಿ ಹಾಕಿ, ಒಂದು ಹನಿ ಬೆವರದ ಹಾಗೆ ನಿನ್ನನ್ನು ಗೇಟಿನ ಎದುರು ಇಳಿಸುತ್ತೇನೆ!"

ಹೀಗೆಂದು ಹೆಂಡತಿ ತೃಪ್ತಿಗೆ ನಾನು ಘನಘೋರ ಪ್ರತಿಜ್ಞೆ ಮಾಡಿದೆ. ಮಾಡಬಾರದೇ? ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು, ಅದೂ ಫಿಸಿಕ್ಸಿನಲ್ಲಿ! ಮೊದಲು ಕಾರು ತಂದವನೂ ನಾನೇ. ಅದೂ ಕೀ ತಿರುಗಿಸುವ ಕಾರಲ್ಲ. ಕೀ ಕಿಸೆಯಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಹೊರಡುತ್ತದೆ. ನಾನು ಹತ್ತಿರ ಹೋದರೆ ಕನ್ನಡಿ ಬಿಚ್ಚಿ, ದೀಪ ಮಿನುಗಿಸಿ ಸ್ವಾಗತಿಸುತ್ತದೆ. ಅಂಥ ಮರ್ಯಾದೆ ನನಗೆ ಮನೆಯೊಳಗೆ ಯಾವತ್ತೂ ಸಿಕ್ಕಿದ್ದಿಲ್ಲ.

ತೃಪ್ತಿಗೆ ಇದು ಕೊನೆಯ ಅವಕಾಶ. ಕನ್ನಡ ಬಲ್ಲವರಿಗಾಗಿ ಕೇರಳ ಪಿಎಸ್‌ಸಿ ಕರೆದ ಸರಕಾರಿ ಕ್ಲರ್ಕ್ ಹುದ್ದೆ. ಮತ್ತೊಮ್ಮೆ ಕರೆಯುವಷ್ಟರಲ್ಲಿ ಅವಳ ವಯಸ್ಸು ಮೀರಿರುತ್ತದೆ. ದೋಸೆ ಮಗುಚುತ್ತಲೇ ಓದಿದವಳು. ಪುಸ್ತಕದಲ್ಲಿ ಕೇರಳದ ನದಿಗಳಿಗಿಂತ ಎಣ್ಣೆಯ ಹರಿವೇ ಹೆಚ್ಚು. ಸೆಂಟರ್ ಬಿದ್ದದ್ದು ನಾಯ್ಮಾರ್ಮೂಲೆಯಲ್ಲಿ. ಒಂದೂವರೆಗೆ ಗೇಟು ಹಾಕಿದರೆ ಮತ್ತೆ ಅತ್ತರೂ ತೆರೆಯುವುದಿಲ್ಲ. ನಾವಿರುವುದು ಅಲ್ಲಿಂದ ಗಂಟೆಯ ದಾರಿಯಾದ ಬೆಳ್ಳೂರಿನ ಒಳಗೆ.

"ಕಾರು ಸ್ಟಾರ್ಟ್ ಆಗದಿದ್ದರೆ ಎಂತ ಮಾಡುದು?" ಎಂದಳು ತೃಪ್ತಿ.

ನನಗೆ ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಪ್ರಶ್ನೆ ಸರಿಯಾಗಿತ್ತು! ಪೋರ್ಚಿನಲ್ಲಿ ಸುಮ್ಮನೆ ನಿಂತ ಕಾರಿನ ಬ್ಯಾಟರಿ ಆಗಲೇ ಒಮ್ಮೆ ಅಲ್ಲ, ಎರಡು ಸಲ ಸತ್ತಿತ್ತು. ಮೊದಲ ಸಲ, ಭಾವ ಪ್ರವೀಣ್ ದುಬೈಯಿಂದ ತಂದು ಕಾರಿಗೆ ಹಾಕಿಸಿಕೊಟ್ಟ ಕ್ಯಾಮರಾವನ್ನು ಕಿತ್ತು ಹಾಕಿದೆ. "ನಿನ್ನ ಅಣ್ಣ ನಮ್ಮ ಬ್ಯಾಟರಿಗೆ ಜಿಗಣೆ ಕಳಿಸಿದ್ದಾನೆ!" ಎಂದು ಕೂಗಾಡಿದೆ. ಎರಡನೇ ಸಲ ಕಾರಿನೊಳಗಿನ ಮೊಬೈಲ್ ಚಾರ್ಜರನ್ನು ಅಂಗಳಕ್ಕೆ ಎಸೆದೆ. ಆಮೇಲೆ ಶೋರೂಮಿಗೆ ಫೋನು.

"ಕಳೆದ ಸಲವೇ ಚೆಕ್ ಮಾಡಿದ್ದೇವೆ, ಬ್ಯಾಟರಿ ಓಕೆ ಉಂಟು ಸಾರ್," ಎಂದಿತು ಆ ಕಡೆಯ ಹೆಣ್ಣುಧ್ವನಿ.

"ಬ್ಯಾಟರಿ ಓಕೆ! ನೀವು ಓಕೆ! ಹಾಗಾದರೆ ಕಾರು ಯಾಕೆ ಹೆಣದ ಹಾಗೆ ಬಿದ್ದಿದೆ?"

ಫೋನು ಕಟ್. ಉಳಿದ ಸಿಟ್ಟನ್ನು ನಾನು ಪೋರ್ಚಿನಲ್ಲೇ ಪಾಠವಾಗಿ ಪರಿವರ್ತಿಸಿದೆ. "ನೋಡು ತೃಪ್ತಿ, ನಿಲ್ಲಿಸಿದ ಕಾರು ಪೂರ್ತಿ ಆಫ್ ಆಗುವುದಿಲ್ಲ. ಗಡಿಯಾರ, ಅಲಾರಂ, ಒಳಗಿನ ಕಂಪ್ಯೂಟರ್ ಎಲ್ಲ ಗುಟುಕು ಗುಟುಕಾಗಿ ಕರೆಂಟು ಕುಡಿಯುತ್ತವೆ. ಅದು ಸಹಜ. ಆದರೆ ಕಾರು ನಿದ್ದೆಗೆ ಜಾರಬೇಕು. ಯಾರಾದರೂ ಎಬ್ಬಿಸುತ್ತಲೇ ಇದ್ದರೆ ಗುಟುಕು ಹೋಗಿ ಕೊಡವೇ ಖಾಲಿ! ಕೀ ಹತ್ತಿರ ಬಂದರೂ ಸಾಕು, ಎದ್ದು ಕೂರುತ್ತದೆ."

"ಹಾಗಾದರೆ ಎಬ್ಬಿಸುವವರು ಯಾರು?"

"ಅದನ್ನೇ ಹುಡುಕುತ್ತಿದ್ದೇನೆ! ಸಿಕ್ಕಿದರೆ ಬಿಡುವುದಿಲ್ಲ!"

ಪರೀಕ್ಷೆಯ ದಿನ ಬಂತು. ಇಸ್ತ್ರಿಯ ಸೀರೆಯಲ್ಲಿ ತೃಪ್ತಿ, ಇಸ್ತ್ರಿಯ ಅಂಗಿಯಲ್ಲಿ ನಾನು. ಗುಂಡಿ ಒತ್ತಿದೆ.

ಟಿಕ್.

ಮತ್ತೆ ಒತ್ತಿದೆ. ಟಿಕ್ ಕೂಡ ಇಲ್ಲ!

ಸ್ಟೇರಿಂಗಿಗೆ ಗುದ್ದಿದೆ. ಟಯರಿಗೆ ಒದ್ದೆ, ಕಾಲು ನನ್ನದೇ ನೋಯಿತು. ಶೋರೂಮಿಗೆ ಬೈದೆ, ಪ್ರವೀಣನಿಗೆ ಬೈದೆ, ಬ್ಯಾಟರಿ ಕಂಡುಹಿಡಿದ ಪುಣ್ಯಾತ್ಮನಿಗೂ ಬೈದೆ. ಆ ಆರ್ಭಟಕ್ಕೆ ಪಿಕಪ್‌ನಲ್ಲಿ ಕುರ್ಚಿ ಹೇರಿಕೊಂಡು ಹೋಗುತ್ತಿದ್ದ ಶಾಮಿಯಾನದ ಲೋಕಯ್ಯ ಗಾಡಿ ನಿಲ್ಲಿಸಿ ಇಳಿದ.

"ಯಾರು ತೀರಿಹೋದದ್ದು ಮಾರಾಯ?"

"ಕಾರು!"

"ದೂಡುವನಾ?"

"ಆಟೋಮ್ಯಾಟಿಕ್! ದೂಡಿದರೆ ಸ್ಟಾರ್ಟ್ ಆಗುವುದಿಲ್ಲ!"

"ಹಾಗಾದರೆ ಅದು ಆಟೋಮ್ಯಾಟಿಕ್ ಹೇಗೆ?"

ಅಷ್ಟರಲ್ಲಿ, ಕೈಮುಗಿದು ಬರುತ್ತೇನೆಂದು ದೈವದ ಕೋಣೆಗೆ ಹೋಗಿದ್ದ ತೃಪ್ತಿ ಹೊರಗೆ ಬಂದಳು. ಅವಳ ಬೆರಳಲ್ಲಿ ಕೇಪಳ ಹೂವಿನ ಮಾಲೆ ಸುತ್ತಿದ ಒಂದು ಕೀ ನೇತಾಡುತ್ತಿತ್ತು. ಕಾರಿನ ಎರಡನೇ ಕೀ!

ಹೊಸ ಗಾಡಿ ತಂದರೆ ಅದರ ಕೀಯನ್ನು ಆ ಕೋಣೆಯಲ್ಲಿ ದೈವಕ್ಕೆಂದೇ ಇಟ್ಟ ಮಂಚದ ಮೇಲಿಟ್ಟು ಪ್ರಾರ್ಥಿಸುವುದು ನಮ್ಮಲ್ಲಿ ಕ್ರಮ. ಎಲ್ಲರೂ ಪ್ರಾರ್ಥಿಸಿ, ಕೀ ಎತ್ತಿಕೊಂಡು ಹೋಗುತ್ತಾರೆ. ನನ್ನ ಭಕ್ತಿ ದೊಡ್ಡದಲ್ಲವೇ? ಒಂದು ಕೀಯನ್ನು ಕಾಯಂ ಅಲ್ಲಿಯೇ ಬಿಟ್ಟು, "ಇದನ್ನು ಯಾರೂ ಮುಟ್ಟಕೂಡದು!" ಎಂದು ಸಾರಿದ್ದೆ.

"ಈ ಮಂಚ ಯಾವ ಗೋಡೆಗೆ ತಾಗಿ ಉಂಟು?" ತೃಪ್ತಿ ಮೆಲ್ಲಗೆ ಕೇಳಿದಳು.

"ಪೋರ್ಚಿನ ಗೋಡೆಗೆ."

"ಕಾರು?"

"ಅದೇ ಗೋಡೆಗೆ... ಈ ಕಡೆಯಿಂದ..."

"ಕೀ ಹತ್ತಿರ ಬಂದರೆ ಕಾರು ಎದ್ದು ಕೂರುತ್ತದೆ ಅಂತ ಪಾಠ ಮಾಡಿದ್ದು ಯಾರು? ಹಗಲು ರಾತ್ರಿ ಕೀಯನ್ನು ಅದರ ತಲೆದಿಂಬಿನ ಹತ್ತಿರ ಇಟ್ಟರೆ ಅದು ಮಲಗುದು ಯಾವಾಗ?"

ನಾನು ಕೊನೆಯ ಆಸರೆಯಾಗಿ, ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದ ತಾಯಿ ಜಲಜಾಕ್ಷಿಯ ಕಡೆ ತಿರುಗಿದೆ. "ಅಮ್ಮಾ, ದೈವಕ್ಕೆ ಒಪ್ಪಿಸಿದ್ದನ್ನು ತೆಗೆಯಬಹುದಾ?"

"ದೈವಕ್ಕೆ ಹೂ ಸಾಕು ಮಗಾ. ಅದಕ್ಕೆ ಡ್ರೈವಿಂಗ್ ಮಾಡ್ಲಿಕ್ಕಿಲ್ಲ," ಎಂದರು ಅಮ್ಮ.

ಲೋಕಯ್ಯ ಗಡಿಯಾರ ನೋಡಿದ. "ಅಕ್ಕ ಮುಂದೆ ಕೂತ್ಕೊಳ್ಳಲಿ. ನಾನು ನಾಯ್ಮಾರ್ಮೂಲೆಯ ಮದುವೆ ಹಾಲಿಗೇ ಹೋಗುದು. ನೀನು ಹಿಂದೆ ಹತ್ತು, ಕುರ್ಚಿ ಜಾರದ ಹಾಗೆ ಹಿಡಿಯಲಿಕ್ಕೆ ಜನ ಬೇಕು."

ಇಳಿಸುತ್ತೇನೆಂದು ಮಾತು ಕೊಟ್ಟವನು ಮನೆಯಲ್ಲಿ ಕೂರಲಾದೀತೇ? ಹತ್ತಿದೆ! ಮುಳ್ಳೇರಿಯದವರೆಗೆ ಕುರ್ಚಿಗಳನ್ನು ನಾನು ಹಿಡಿದೆ. ಅಲ್ಲಿಂದ ಚೆರ್ಕಳದವರೆಗೆ ಕುರ್ಚಿಗಳು ನನ್ನನ್ನು ಹಿಡಿದವು. ಹೆದ್ದಾರಿಯ ಕಾಮಗಾರಿಯ ಕೆಂಪು ಧೂಳೆಲ್ಲ ನನ್ನ ಅಂಗಿಯಲ್ಲಿ ವಾಸ್ತವ್ಯ ಹೂಡಿತು. ಲಾರಿಗಳ ಹಿಂದೆ ಗಾಡಿ ನಿಂತಾಗಲೆಲ್ಲ ನಾನು ಮೇಲಿನಿಂದ ಗರ್ಜಿಸಿದೆ. ಒಬ್ಬನೂ ತಿರುಗಿ ನೋಡಲಿಲ್ಲ.

ಶಾಲೆಯ ಎದುರು ಪಿಕಪ್ ನಿಂತಾಗ ಪೊಲೀಸಪ್ಪ ಗೇಟು ಎಳೆಯುತ್ತಿದ್ದ. ತೃಪ್ತಿ ಹಾರಿ ಇಳಿದು ಓಡಿದಳು. ಸೀಟಿನಲ್ಲೇ ಬಿಟ್ಟ ಅವಳ ಪೆನ್ನು ಹಿಡಿದು ನಾನೂ ಹಿಂದೆಯೇ ಓಡಿ ಗೇಟಿನೊಳಗೆ ನುಗ್ಗಹೊರಟೆ. ಪೊಲೀಸಪ್ಪ ನನ್ನ ಎದೆಗೆ ಕೈ ಅಡ್ಡ ಇಟ್ಟ.

"ಇವ ಯಾರು?" ಎಂದು ಮಲಯಾಳದಲ್ಲಿ ಗದರಿದ.

ತೃಪ್ತಿ ಪೆನ್ನು ಕಸಿದುಕೊಂಡಳು. ವಿವರಿಸಲು ಅವಳಿಗೆ ಪುರುಸೊತ್ತಿರಲಿಲ್ಲ.

"ಕುರ್ಚಿಯವರು ಸಾರ್!" ಎಂದವಳೇ ಒಳಗೆ ಓಡಿದಳು.

ಗೇಟು ಬಿತ್ತು. ಅವಳು ಒಳಗೆ, ನಾನು ಹೊರಗೆ. ಸಿಟ್ಟು ಕೊತಕೊತ ಕುದಿಯಿತು. ಆದರೆ ಯಾರಿಗೆ ಬೈಯುವುದು? ಸಿಕ್ಕಿದರೆ ಬಿಡುವುದಿಲ್ಲ ಎಂದವನ ಕೈಗೆ ನಾನೇ ಸಿಕ್ಕಿದ್ದೆ!

"ನಿಂತು ನೋಡುವುದೆಂತ? ಕುರ್ಚಿ ಎಲ್ಲಿಗೆ?" ಪೊಲೀಸಪ್ಪ ಲಾಠಿ ತೋರಿಸಿದ.

ನಾನು ಅವಳ ಗಂಡ ಎನ್ನಲು ಬಾಯಿ ತೆರೆದೆ. ಅಂಗಿ ನೋಡಿಕೊಂಡೆ.

"ಮದುವೆ ಹಾಲಿಗೆ, ಸಾರ್," ಎಂದೆ.