ನೀರು ಕುಡಿಯುವ ರೇಡಿಯೋ

ಕೊಡದ ಕಂಠಕ್ಕೆ ಎರಡು ಬೆರಳು ಕಡಿಮೆ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನಮ್ಮ ಮನೆಯ ರೇಡಿಯೋ ಇಷ್ಟು ನೀರು ಕುಡಿಯುತ್ತಿತ್ತು. ಆ ಎರಡು ಬೆರಳು ಎಲ್ಲಿ ಹೋಯಿತು ಎನ್ನುತ್ತೀರಾ? ಬಾವಿಯಿಂದ ಬರುವಾಗ ಅವ್ವನ ತಲೆಯ ಮೇಲೆ ತುಳುಕಿ ಹೋಯಿತು!

ಇಡೀ ಸಿಂದಗಿಯಲ್ಲಿ ನನ್ನ ಕಾಕಾನಷ್ಟು ಸೂಕ್ಷ್ಮವಾದ ಕಿವಿ ಯಾರಿಗೂ ಇರಲಿಲ್ಲ. ಇದು ಅವರೇ ಹೇಳಿದ ಮಾತು. ಬೇರೆ ಸಾಕ್ಷಿ ಬೇಕೆ? ಅಪ್ಪನ ತಮ್ಮ, ಮದುವೆಯಾಗದೆ ಬ್ಯಾಟರಿ ರೇಡಿಯೋದೊಂದಿಗೇ ಸಂಸಾರ ಹೂಡಿದವರು. ಅದರ ತಂತಿಯೊಂದನ್ನು ಮನೆಯ ಮುಂದಿನ ಬೇವಿನ ಮರದ ಬುಡದಲ್ಲಿ ಹೂತಿದ್ದರು. ಆ ನೆಲ ಒಣಗಿದರೆ ದನಿ ಕೆಡುತ್ತದಂತೆ. ಹೀಗಾಗಿ ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದ ನನಗೆ ಸಿಕ್ಕ ಮೊದಲ ಉದ್ಯೋಗ, ಅವ್ವ ಹೊತ್ತು ತಂದ ನೀರನ್ನು ತಂತಿಗೆ ಕುಡಿಸುವುದು.

"ನಿಮ್ಮ ರೇಡಿಯೋಕ್ಕ ನೀರಡಿಕಿ ಆಗತೈತಿ, ನನಗ ಆಗೂದಿಲ್ಲೇನ್ರಿ?" ಎಂದು ಅವ್ವ ಒಮ್ಮೆ ಕೇಳಿದಳು.

"ಶ್! ವೈನಿ, ನಿಮ್ಮ ಬಳಿ ಸಪ್ಪಳ ಹಾಡಿನ್ಯಾಗ ಸೇರಾಕತ್ತೈತಿ," ಎಂದರು ಕಾಕಾ ಅತ್ತಿಗೆಗೆ.

ಅವ್ವನ ಕೈಯಲ್ಲಿದ್ದದ್ದು ಎರಡೇ ಬಳೆ!

ಮುದ್ದೇಬಿಹಾಳದಿಂದ ನನ್ನನ್ನು ನೋಡಲು ಬಂದ ಬೀಗರಿಗೂ ಅದೇ 'ಶ್!' "ಚೂಡಾ ಅವಲಕ್ಕಿ ಸಾವಕಾಶ ತಿನ್ರಿ, ಸ್ಟೇಷನ್ ಹಿಡಿಯಾಕತ್ತೇನಿ." ಅವರು ಮತ್ತೆ ಬರಲಿಲ್ಲ. ಅದೊಂದು ವಿಷಯದಲ್ಲಿ ಮಾತ್ರ ರೇಡಿಯೋದ ಮೇಲೆ ನನಗೆ ಸಿಟ್ಟಿಲ್ಲ.

ಮನೆಯ ಮುಂದಿನ ರಸ್ತೆಯಲ್ಲಿ ಬಸ್ಸು ಕಾಣುವ ಮೊದಲೇ, ಸದ್ದು ಕೇಳಿ, ಅದು ಯಾವ ಊರಿನದೆಂದು ಕಾಕಾ ಕೂತಲ್ಲಿಂದ ಹೇಳುತ್ತಿದ್ದರು: "ಇದು ಇಂಡೀದು. ಇದು ಬಾಗೇವಾಡೀದು." ಒಮ್ಮೆಯೂ ತಪ್ಪಿದ್ದಿಲ್ಲ. ತಪ್ಪದ ಮನುಷ್ಯರ ಜೊತೆ ಬದುಕುವುದು ಎಷ್ಟು ಕಷ್ಟ!

ಆ ವರ್ಷ ಬಾವಿಯ ತಳ ಕಂಡಿತು. ಕಾಕಾ ದಿನಕ್ಕೆ ಎರಡು ಕೊಡ ಕೇಳತೊಡಗಿದರು. ಅವ್ವ ಕುತ್ತಿಗೆ ತಿರುಗಿಸಲಾರದೆ ಹಾಸಿಗೆ ಹಿಡಿದಳು. ಅಂದು ಸಂಜೆ ಬೇವಿನ ಕೆಳಗೆ ನಿಂತಿದ್ದ ಕಾಕಾನ ಮುಂದೆ ಹೋಗಿ ನಾನು ಮೊದಲ ಸಲ ದನಿ ಎತ್ತಿದೆ:

"ಇನ್ನ ಒಂದ ಹನಿ ಹಾಕೂದಿಲ್ರಿ ಕಾಕಾ. ಅವ್ವನ ಕುತ್ತಿಗಿ ನೋಡೀರೇನು?"

"ದನಿ ಭಾಳ ಸಣ್ಣ ಆಗೇತಿ ತಂಗಿ. ನೆಲಾ ಒಣಗೇತಿ."

ರೇಡಿಯೋ ಓಣಿಗೆಲ್ಲ ಕೇಳುವಂತೆ ಹಾಡುತ್ತಿತ್ತು! ಅದನ್ನೇ ಅವರ ಮುಖಕ್ಕೆ ಹೇಳಬೇಕೆನ್ನುವಷ್ಟರಲ್ಲಿ ಬಾಗೇವಾಡಿ ಬಸ್ಸು ಹಾರ್ನ್ ಹೊಡೆಯುತ್ತ ಅವರ ಬೆನ್ನ ಹಿಂದೆಯೇ ಹಾದುಹೋಯಿತು. ಕಾಕಾ ತಿರುಗಲಿಲ್ಲ.

"ಬಾಗೇವಾಡಿ ಬಸ್ಸು ಇವತ್ತ ಯಾಕ ತಡಾ ಆತು?" ಎಂದರು.

ಅವರ ಕಣ್ಣು ನನ್ನ ತುಟಿಗಳ ಮೇಲಿತ್ತು. ಎಷ್ಟು ದಿನಗಳಿಂದ ಹಾಗಿತ್ತೋ, ನಾನು ಗಮನಿಸಿಯೇ ಇರಲಿಲ್ಲ.

"ಬರತೈತ್ರಿ," ಎಂದೆ.

"ನೆಲಾ ಹಸಿ ಆದ್ರ ದನಿ ಸರಿ ಆಗತೈತಿ. ಹೌದಲ್ಲ?" ಕಾಕಾ ಯಾರನ್ನಾದರೂ ಹೌದಲ್ಲ ಎಂದು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವ್ವನ ಸಿಂಬಿಯನ್ನು ನನ್ನ ತಲೆಗಿಟ್ಟುಕೊಂಡು ಬಾವಿಗೆ ಹೋದೆ. ಮೊದಲ ಕೊಡವನ್ನು ಅವ್ವನ ಹಾಸಿಗೆಯ ಬಳಿ ಇಳಿಸಿದೆ. ಎರಡನೆಯದನ್ನು ಬೇವಿನ ಬುಡಕ್ಕೆ ಸುರಿದೆ. ಕಂಠಕ್ಕೆ ಆರು ಬೆರಳು ಕಡಿಮೆಯಿತ್ತು. ನನಗಿನ್ನೂ ಹೊತ್ತು ರೂಢಿಯಿರಲಿಲ್ಲ.